ದಪ್ಪ ಪುಸ್ತಕ ಕೊಳ್ಳುವ ಮೊದಲು ಇಸವಿ ನೋಡಿ

ಭಾನುವಳ್ಳಿಯಂಥ ಊರಿನಲ್ಲಿ ಯಾರೂ ಹೊತ್ತು ಹೋಗಲೆಂದು ಕಾಯ್ದೆ ಪುಸ್ತಕ ತರುವುದಿಲ್ಲ. ಅಣ್ಣತಮ್ಮಂದಿರ ನಡುವೆ ಪಾಲಿನ ಮಾತು ಎದ್ದಿರುತ್ತದೆ, ಪಹಣಿಯಲ್ಲಿ ಹೆಸರು ತಪ್ಪಿರುತ್ತದೆ, ನಾಲೆಯ ನೀರನ್ನು ಮೇಲಿನವರೇ ಎತ್ತಿಕೊಂಡು ಕೊನೆಭಾಗದ ಗದ್ದೆ ಒಣಗುತ್ತಿರುತ್ತದೆ, ಇಲ್ಲವೇ ಟ್ರ್ಯಾಕ್ಟರ್ ಮೇಲೆ ಕೇಸು ಬಿದ್ದಿರುತ್ತದೆ. ಆಗ ಮನೆಯಲ್ಲಿ ನಾಲ್ಕಕ್ಷರ ಓದಿದ ಹುಡುಗ ಹರಿಹರಕ್ಕೋ ದಾವಣಗೆರೆಗೋ ಹೋಗಿ ದಪ್ಪನೆಯ ಪುಸ್ತಕವೊಂದನ್ನು ಹೊತ್ತು ತರುತ್ತಾನೆ. "ಲೇಟೆಸ್ಟ್ ಏನ್ರೀ ಇದು?" ಎಂದು ಕೇಳಿದರೆ ಅಂಗಡಿಯವರ ಉತ್ತರ ಒಂದೇ: "ಹೊಸಾದೇ ಐತಿ, ತಗಳ್ರಿ." ರಟ್ಟೇನೋ ಹೊಸದೇ. ಒಳಗಿರುವ ಕಾಯ್ದೆ ಮಾತ್ರ ಹತ್ತು ವರ್ಷ ಹಿಂದಿನದಿರಬಹುದು.

ಕಾನೂನು, ಸಾರಿಗೆ, ವ್ಯಾಪಾರ, ನೌಕಾ ಇತಿಹಾಸ, ಇವುಗಳನ್ನೆಲ್ಲ ಗ್ರಂಥಾಲಯದವರು ಪರಾಮರ್ಶನ ಗ್ರಂಥಗಳೆಂದು ಒಂದೇ ವಿಭಾಗದಲ್ಲಿ ಇಡುತ್ತಾರೆ. ಆದರೆ ಇವುಗಳ ಆಯಸ್ಸು ಬೇರೆ ಬೇರೆ. ತೆರಿಗೆ ದರದ ಪುಸ್ತಕ ಒಂದು ಅಧಿಸೂಚನೆ ಬಂದ ರಾತ್ರಿಯೇ ರದ್ದಿಯಾಗುತ್ತದೆ. ಅಪರಾಧ ಕಾನೂನಿನ ಹಳೆಯ ಆವೃತ್ತಿ, ರದ್ದಾದ ಕಾಯ್ದೆಯದ್ದಾದರೂ, ಕೋರ್ಟಿನಲ್ಲಿ ಇನ್ನೂ ಎಷ್ಟೋ ವರ್ಷ ಬೇಕಾಗುತ್ತದೆ. ಹಡಗುಗಳ ಇತಿಹಾಸ 1877ರಲ್ಲಿ ಅಚ್ಚಾಗಿದ್ದರೂ ಕೆಲಸಕ್ಕೆ ಬರುತ್ತದೆ. ಯಾವುದಕ್ಕೆ ದುಡ್ಡು ಹಾಕಬೇಕು, ಯಾವುದನ್ನು ಎರವಲು ತಂದರೆ ಸಾಕು, ಯಾವುದಕ್ಕೆ ಮೊಬೈಲೇ ಸಾಕು ಎನ್ನುವುದು ಈ ಆಯಸ್ಸಿನ ಲೆಕ್ಕ.

ಒಂದೇ ಪುಸ್ತಕ, ನಾಲ್ಕು ಉತ್ತರ

ಹೆಣ್ಣುಮಕ್ಕಳ ಪಾಲನ್ನೇ ತೆಗೆದುಕೊಳ್ಳಿ. ಹಿಂದೂ ಕುಟುಂಬ ಕಾನೂನಿಗೆ ವಕೀಲರು ಮೊದಲು ಕೈಹಾಕುವುದು ದಿನ್‌ಶಾ ಮುಲ್ಲಾ ಅವರ 'ಹಿಂದೂ ಲಾ'ಗೆ. 1912ರಲ್ಲಿ ಮೊದಲು ಬಂದ ಈ ಪುಸ್ತಕವನ್ನು ಬೇರೆ ಬೇರೆ ಸಂಪಾದಕರು ಇಂದಿಗೂ ತಿದ್ದಿ ಹೊರತರುತ್ತಿದ್ದಾರೆ. 1990ರ ಸುಮಾರಿನ ಆವೃತ್ತಿ ತೆರೆದರೆ ಪಿತ್ರಾರ್ಜಿತ ಆಸ್ತಿಯಲ್ಲಿ ಮಗಳಿಗೆ ಮಗನ ಸಮನಾದ ಹುಟ್ಟುಹಕ್ಕು ಇಲ್ಲ. ಕರ್ನಾಟಕದ ತಿದ್ದುಪಡಿ 1994ರ ಜುಲೈ 30ರಿಂದ ಆ ಹಕ್ಕು ಕೊಟ್ಟಿತು, ಆದರೆ ಅದಕ್ಕೂ ಮೊದಲೇ ಮದುವೆಯಾಗಿದ್ದವರನ್ನು ಹೊರಗಿಟ್ಟಿತು. 2005ರ ಸೆಪ್ಟೆಂಬರ್ 9ರಿಂದ ಜಾರಿಗೆ ಬಂದ ಕೇಂದ್ರದ ತಿದ್ದುಪಡಿ ಮದುವೆಯ ಷರತ್ತನ್ನು ತೆಗೆದುಹಾಕಿತು. 2015ರಲ್ಲಿ ಪ್ರಕಾಶ್ ವಿರುದ್ಧ ಫೂಲವತಿ ಪ್ರಕರಣದಲ್ಲಿ (ಅದು ನಮ್ಮ ಕರ್ನಾಟಕದಿಂದಲೇ ಹೋದ ಕೇಸು) 2005ರ ಆ ದಿನ ತಂದೆ ಬದುಕಿರಬೇಕಿತ್ತು ಎಂದು ಸುಪ್ರೀಂ ಕೋರ್ಟ್ ಹೇಳಿತು. 2020ರ ಆಗಸ್ಟ್ 11ರಂದು ವಿನೀತಾ ಶರ್ಮಾ ಪ್ರಕರಣದಲ್ಲಿ ಅದೇ ಕೋರ್ಟಿನ ಮೂವರು ನ್ಯಾಯಮೂರ್ತಿಗಳ ಪೀಠ, ತಂದೆ ಬದುಕಿರಬೇಕಾದ ಅಗತ್ಯವಿಲ್ಲ ಎಂದಿತು. 2004ರ ಡಿಸೆಂಬರ್ 20ಕ್ಕೆ ಮೊದಲೇ ಕಾನೂನುಬದ್ಧವಾಗಿ ಪಾಲಾಗಿದ್ದರೆ, ಮಾರಾಟವಾಗಿದ್ದರೆ ಅದನ್ನು ಕೆದಕುವಂತಿಲ್ಲ ಎಂಬುದು ಮಾತ್ರ ಹಾಗೇ ಉಳಿದಿದೆ.

ಅಂದರೆ ಒಂದೇ ಮುಲ್ಲಾ, ಯಾವ ಇಸವಿಯದ್ದನ್ನು ತೆರೆಯುತ್ತೀರಿ ಎಂಬುದರ ಮೇಲೆ ನಿಮ್ಮ ತಂಗಿಗೆ ನಾಲ್ಕು ಬಗೆಯ ಉತ್ತರ ಕೊಡುತ್ತದೆ. ಹಳೆಯದನ್ನು ಓದಿ "ನಿನಗೇನೂ ಬರಲ್ಲವ್ವ" ಎಂದು ಹೇಳಿ ಕಳಿಸಿದ ಅಣ್ಣಂದಿರು ನಮ್ಮಲ್ಲಿ ಕಡಿಮೆಯಿಲ್ಲ. ಅವರೆಲ್ಲ ಸುಳ್ಳು ಹೇಳಿದರು ಎನ್ನಲಾಗದು. ಕೆಲವರು ಹಳೆಯ ಪುಸ್ತಕ ಓದಿದ್ದರು.

ಜಮೀನಿನ ಕಾಯ್ದೆಯಲ್ಲೂ ಇದೇ ತೊಡಕು. 1961ರ ಕರ್ನಾಟಕ ಭೂಸುಧಾರಣೆ ಕಾಯ್ದೆಯ 79ಎ, 79ಬಿ ಕಲಂಗಳು ಎಂದರೆ ಹೊಲ ಕೊಳ್ಳುವವರು, ಮಾರುವವರು ಇಬ್ಬರೂ ಬೆಚ್ಚುತ್ತಿದ್ದರು. ಕೃಷಿಕರಲ್ಲದವರು, ಹೆಚ್ಚು ವರಮಾನ ಇರುವವರು ಜಮೀನು ಕೊಳ್ಳದಂತೆ ತಡೆಯುತ್ತಿದ್ದ ಕಲಂಗಳವು. 2020ರ ತಿದ್ದುಪಡಿ ಎರಡನ್ನೂ ತೆಗೆದುಹಾಕಿತು, ಅದೂ 1974ರಿಂದಲೇ ಅನ್ವಯವಾಗುವಂತೆ. 2018ರ ಪುಸ್ತಕ ಹಿಡಿದು "ನಿಮ್ಮ ಕ್ರಯಪತ್ರ ನಡೆಯಲ್ಲ" ಎಂದು ಹೆದರಿಸುವ ಮಧ್ಯವರ್ತಿ ಇವತ್ತೂ ಸಿಗುತ್ತಾನೆ. ಪರಿಶಿಷ್ಟರಿಗೆ ಮಂಜೂರಾದ ಜಮೀನಿನ 1978ರ ಕಾಯ್ದೆ, ಜನ ಪಿಟಿಸಿಎಲ್ ಎನ್ನುವುದು, 2023ರಲ್ಲಿ ತಿದ್ದುಪಡಿಯಾಯಿತು. ಜಮೀನು ವಾಪಸು ಕೇಳಲು ಕಾಲಮಿತಿ ಅಡ್ಡಬರಬಾರದು ಎಂಬುದು ಆ ತಿದ್ದುಪಡಿಯ ತಿರುಳು. ಅಂಥ ಜಮೀನನ್ನು ಕೊಂಡವರೂ ಕಳೆದುಕೊಂಡವರೂ 2023ಕ್ಕಿಂತ ಹಿಂದಿನ ಪುಸ್ತಕವನ್ನು ನೆಚ್ಚಿ ಕೂರುವಂತಿಲ್ಲ. ಇನ್ನು 1965ರ ನೀರಾವರಿ ಕಾಯ್ದೆ. ನಾಲೆಯಿಂದ ಅಕ್ರಮವಾಗಿ ನೀರೆತ್ತುವವರ ಶಿಕ್ಷೆಯನ್ನು 2024ರ ತಿದ್ದುಪಡಿ ಹೆಚ್ಚಿಸಿದೆ. ಭದ್ರಾ ಅಚ್ಚುಕಟ್ಟಿನ ಕೊನೆಭಾಗದ ರೈತರು ಅರ್ಜಿ ಬರೆಯುವಾಗ ಈ ತಿದ್ದುಪಡಿಯ ಹೆಸರು ಹಾಕಿ ಬರೆಯುವುದು ಒಳ್ಳೆಯದು.

ಇದಕ್ಕೆ ತದ್ವಿರುದ್ಧ ಅಪರಾಧ ಕಾನೂನು. 2024ರ ಜುಲೈ 1ರಿಂದ ಐಪಿಸಿ ಹೋಗಿ ಭಾರತೀಯ ನ್ಯಾಯ ಸಂಹಿತೆ ಬಂತು. 420 ಈಗ 318(4), 302 ಈಗ 103(1), ಅಜಾಗರೂಕತೆಯಿಂದ ಸಾವು ತಂದವರ ಮೇಲಿನ 304ಎ ಈಗ 106(1). ಹಾಗೆಂದು ರತನ್‌ಲಾಲ್ ಧೀರಜ್‌ಲಾಲ್ ಅವರ ಹಳೆಯ ಐಪಿಸಿ ಪುಸ್ತಕವನ್ನು ಗುಜರಿಗೆ ಹಾಕಬೇಡಿ. ಜುಲೈ 1ಕ್ಕೆ ಮೊದಲು ನಡೆದ ಘಟನೆ ಎಂದೇ ಕೋರ್ಟಿಗೆ ಬರಲಿ, ಅದಕ್ಕೆ ಐಪಿಸಿಯೇ ಅನ್ವಯ. ವಕೀಲರ ಮೇಜಿನ ಮೇಲೆ ಈಗ ಎರಡೂ ಪುಸ್ತಕ ಇರುವುದು ಇದಕ್ಕೇ. ಆದ್ದರಿಂದ ಪುಸ್ತಕ ಕೈಗೆತ್ತಿಕೊಂಡಾಗ ಮೊದಲು ಕೇಳಬೇಕಾದ್ದು ನಮ್ಮ ಕೇಸು ಯಾವ ದಿನಾಂಕದ್ದು ಎಂದು. ಆಮೇಲೆ ಆ ದಿನಾಂಕಕ್ಕೆ ಅನ್ವಯವಾಗುವ ಕಾನೂನು ಇರುವ ಆವೃತ್ತಿಯನ್ನು ಹುಡುಕಬೇಕು.

ಅದನ್ನು ತಿಳಿಯಲು ರಟ್ಟು ನೋಡಿ ಪ್ರಯೋಜನವಿಲ್ಲ. ಶೀರ್ಷಿಕೆ ಪುಟವನ್ನು ತಿರುವಿದರೆ ಹಿಂಬದಿಯಲ್ಲಿ ಸಣ್ಣ ಅಕ್ಷರದಲ್ಲಿ ಆವೃತ್ತಿ, ಮರುಮುದ್ರಣ ಎಂದು ಬೇರೆ ಬೇರೆ ಇಸವಿಗಳಿರುತ್ತವೆ. 2015ರ ಆವೃತ್ತಿ, 2023ರ ಮರುಮುದ್ರಣ ಎಂದಿದ್ದರೆ ಅದು 2015ರ ಕಾನೂನೇ, ಕಾಗದ ಮಾತ್ರ 2023ರದ್ದು. 'ಇಂಥ ಕಾಯ್ದೆಯ ತನಕ ತಿದ್ದುಪಡಿಯಾದಂತೆ' ಎಂಬ ಸಾಲಿದೆಯೇ ನೋಡಿ. ಆಮೇಲೆ ನಿಮಗೆ ಬೇಕಾದ ಕಲಮಿನ ಅಡಿಟಿಪ್ಪಣಿಗೆ ಇಳಿಯಿರಿ. ಸೇರಿಸಲಾಗಿದೆ, ಬದಲಿಸಲಾಗಿದೆ, ಬಿಡಲಾಗಿದೆ ಎಂದು ಯಾವ ವರ್ಷದ ಯಾವ ಕಾಯ್ದೆಯಿಂದ, ಯಾವ ದಿನದಿಂದ ಎಂಬುದು ಅಲ್ಲಿರುತ್ತದೆ. ಪುಸ್ತಕದೊಳಗೆ ಎಲ್ಲಾದರೂ ಬಿಡಿ ಹಾಳೆಯೊಂದು ಮಡಚಿಟ್ಟಿದ್ದರೆ ಬಿಸಾಡಬೇಡಿ. ಅಚ್ಚಾದ ಮೇಲೆ ಬಂದ ತಿದ್ದುಪಡಿಯನ್ನು ಪ್ರಕಾಶಕರು ಹೀಗೆಯೇ ಸೇರಿಸುವುದು.

ಇನ್ನು ಪುಸ್ತಕದ ಬಗೆಗಳು. ಬೇರ್ ಆಕ್ಟ್ ಎಂದರೆ ಬರೀ ಕಾಯ್ದೆ, ವ್ಯಾಖ್ಯಾನ ಇಲ್ಲದ್ದು. ಸಣ್ಣದು, ಅಗ್ಗ. ಕಾಮೆಂಟರಿ ಎಂದರೆ ಕಲಂ ಕಲಮಿಗೂ ತೀರ್ಪುಗಳ ವಿವರಣೆ. ಲಾ ರಿಪೋರ್ಟ್ ಎಂದರೆ ತೀರ್ಪುಗಳೇ. ನಮ್ಮ ಹೈಕೋರ್ಟಿನವು ಐಎಲ್ಆರ್ ಕರ್ನಾಟಕದಲ್ಲೂ ಕರ್ನಾಟಕ ಲಾ ಜರ್ನಲ್‌ನಲ್ಲೂ ಬರುತ್ತವೆ. ಮನೆಗೆ ಬೇರ್ ಆಕ್ಟ್ ಸಾಕು. ಕಾಮೆಂಟರಿ ಕೊಳ್ಳುವುದು ವಕೀಲರಿಗೆ ಬಿಟ್ಟದ್ದು, ಬೆಲೆಯೂ ಹಾಗೇ ಇರುತ್ತದೆ. ಅಲ್ಲದೆ ಬೇರ್ ಆಕ್ಟಿನ ಪಠ್ಯ ಪುಕ್ಕಟೆ ಸಿಗುತ್ತದೆ: ಕೇಂದ್ರದ ಕಾಯ್ದೆಗಳು ಇಂಡಿಯಾ ಕೋಡ್ ಜಾಲತಾಣದಲ್ಲಿ, ರಾಜ್ಯದವು ಸಂಸದೀಯ ವ್ಯವಹಾರಗಳು ಮತ್ತು ಶಾಸನ ರಚನೆ ಇಲಾಖೆಯ ಜಾಲತಾಣದಲ್ಲಿ, ಬಹಳಷ್ಟು ಕನ್ನಡದಲ್ಲೂ. ಸುಪ್ರೀಂ ಕೋರ್ಟಿನ ತೀರ್ಪುಗಳು 2023ರಿಂದ ಇ-ಎಸ್‌ಸಿಆರ್‌ನಲ್ಲಿ ಎಲ್ಲರಿಗೂ ಮುಕ್ತ. ಕನ್ನಡ ಪಠ್ಯ ಅರ್ಥ ಮಾಡಿಕೊಳ್ಳಲು ಚೆನ್ನ. ಪದದ ಮೇಲೆ ತಕರಾರು ಬಂದರೆ ಸಂವಿಧಾನದ 348ನೇ ವಿಧಿಯ ಪ್ರಕಾರ ಇಂಗ್ಲಿಷ್ ಪಠ್ಯವೇ ಅಧಿಕೃತ. ಖಾಸಗಿಯವರು ಅಚ್ಚು ಹಾಕಿಸಿದ 'ಸುಲಭ ಕಾನೂನು' ಕೈಪಿಡಿಗಳನ್ನು ಓದಿ, ಆದರೆ ಅರ್ಜಿಯಲ್ಲಿ ಅವುಗಳ ಮಾತನ್ನು ಎತ್ತಿ ಬರೆಯಬೇಡಿ.

ಪಹಣಿ, ಮ್ಯುಟೇಶನ್ ತಕರಾರಿಗೆ ನೂರಾರು ಪುಟ ಓದಬೇಕಿಲ್ಲ. 1964ರ ಭೂಕಂದಾಯ ಕಾಯ್ದೆಯ 128ರಿಂದ 136ರವರೆಗಿನ ಕಲಂಗಳನ್ನು ನಿಧಾನವಾಗಿ ಓದಿದರೆ ತಾಲ್ಲೂಕು ಕಚೇರಿಯಲ್ಲಿ ಅರ್ಧ ಮಾತು ನಿಮಗೇ ಅರ್ಥವಾಗುತ್ತದೆ. ಹಕ್ಕು ಬಂದದ್ದನ್ನು ವರದಿ ಮಾಡುವುದು 128, ಅದನ್ನು ದಾಖಲಿಸುವುದು 129, ಪಹಣಿ ನಮೂದು ಬೇರೆ ರುಜುವಾತಾಗುವವರೆಗೆ ಸರಿ ಎಂದು ಭಾವಿಸುವುದು 133, ಉಪವಿಭಾಗಾಧಿಕಾರಿಗೆ ಮೇಲ್ಮನವಿ ಹೋಗುವುದು 136.

ದಾವಣಗೆರೆಯ ಕೆಎ-17 ಗಾಡಿಗಳಿಗೆ

ಸಾರಿಗೆ ಪುಸ್ತಕಗಳಲ್ಲಿ ಮೂಲ 1988ರ ಮೋಟಾರು ವಾಹನ ಕಾಯ್ದೆ. ಅದರ ಜೊತೆಗೆ ಕೇಂದ್ರದ 1989ರ ನಿಯಮಗಳು, ಕರ್ನಾಟಕದ 1989ರ ನಿಯಮಗಳು, ರಾಜ್ಯದ 1957ರ ವಾಹನ ತೆರಿಗೆ ಕಾಯ್ದೆ. ನಾಲ್ಕೂ ಒಂದೇ ಸಂಪುಟದಲ್ಲಿರುವ ಮ್ಯಾನ್ಯುಅಲ್ ಸಿಕ್ಕರೆ ಒಳ್ಳೆಯದು. ಕೇಂದ್ರದ ಕಾಯ್ದೆ ಒಂದೇ ಇದ್ದರೆ ದಾರಿ ತಪ್ಪುತ್ತೀರಿ. ಉದಾಹರಣೆಗೆ ಹೆಲ್ಮೆಟ್ ಇಲ್ಲದಿದ್ದರೆ 194ಡಿ ಕಲಮಿನಲ್ಲಿ ದಂಡ 1,000 ರೂಪಾಯಿ ಎಂದಿದೆ. 2019ರ ಸೆಪ್ಟೆಂಬರಿನಲ್ಲಿ ಕರ್ನಾಟಕ ಸರ್ಕಾರ ಸ್ಥಳದಲ್ಲೇ ಕಟ್ಟುವ ಮೊತ್ತವನ್ನು 500ಕ್ಕೆ ಇಳಿಸಿ ಅಧಿಸೂಚನೆ ಹೊರಡಿಸಿತು. ಬೇರ್ ಆಕ್ಟ್ ಎಷ್ಟು ತಿರುವಿ ಹಾಕಿದರೂ ಆ 500 ನಿಮಗೆ ಸಿಗುವುದಿಲ್ಲ.

ಚಾಲಕರಿಗೆ ಇನ್ನೂ ಮುಖ್ಯವಾದದ್ದು ಲೈಸೆನ್ಸ್ ವಿಷಯ. ಎಲ್ಎಂವಿ (ಲಘು ಮೋಟಾರು ವಾಹನ) ಲೈಸೆನ್ಸ್ ಇದ್ದವನು ಬಾಡಿಗೆಯ ಟಾಟಾ ಏಸ್ ಓಡಿಸಿ ಅಪಘಾತವಾದರೆ ವಿಮಾ ಕಂಪನಿಯವರು ಕೈಯೆತ್ತುತ್ತಿದ್ದರು. ಒಟ್ಟು ತೂಕ 7,500 ಕಿಲೋ ಮೀರದ ಸರಕು ವಾಹನಕ್ಕೆ ಎಲ್ಎಂವಿ ಲೈಸೆನ್ಸೇ ಸಾಕು ಎಂದು ಸುಪ್ರೀಂ ಕೋರ್ಟಿನ ಸಂವಿಧಾನ ಪೀಠ 2024ರ ನವೆಂಬರ್ 6ರಂದು ತೀರ್ಪು ಕೊಟ್ಟಿದೆ. ಇದಿಲ್ಲದ ಸಾರಿಗೆ ಕಾಮೆಂಟರಿಯನ್ನು ಅರ್ಧ ಬೆಲೆಗೆ ಕೊಟ್ಟರೂ ಬೇಡ.

ಪರಾಮರ್ಶನ ಪುಸ್ತಕ ಬಳಸುವುದೆಂದರೆ ಏನು ಎಂಬುದಕ್ಕೆ ಅಪಘಾತ ಪರಿಹಾರದ ಲೆಕ್ಕದಷ್ಟು ಒಳ್ಳೆಯ ಉದಾಹರಣೆ ಇಲ್ಲ. ಅಪಘಾತ ಪರಿಹಾರದ ಯಾವುದೇ ಕೈಪಿಡಿಯ ಕೊನೆಯಲ್ಲಿ 'ಗುಣಕ'ದ ಕೋಷ್ಟಕ ಇರುತ್ತದೆ. ಇದು 2009ರ ಸರಳಾ ವರ್ಮಾ ಪ್ರಕರಣದ್ದು. ಮೃತರ ವಯಸ್ಸು 26ರಿಂದ 30 ಆಗಿದ್ದರೆ 17, 31ರಿಂದ 35ಕ್ಕೆ 16, 36ರಿಂದ 40ಕ್ಕೆ 15, ಹೀಗೆ ಇಳಿಯುತ್ತದೆ. ಹೆಂಡತಿ, ಇಬ್ಬರು ಮಕ್ಕಳು, ತಾಯಿಯನ್ನು ಸಾಕುತ್ತಿದ್ದ 34 ವರ್ಷದ, ಸ್ವಂತ ದುಡಿಮೆಯ ವ್ಯಕ್ತಿ ತಿಂಗಳಿಗೆ 15,000 ರೂಪಾಯಿ ಗಳಿಸುತ್ತಿದ್ದರು ಎಂದಿಟ್ಟುಕೊಳ್ಳಿ. 2017ರ ಪ್ರಣಯ್ ಸೇಥಿ ತೀರ್ಪಿನಂತೆ ಮುಂದಿನ ಗಳಿಕೆಯ ನಿರೀಕ್ಷೆಗೆ ಶೇ 40 ಸೇರಿಸಿದರೆ 21,000. ಅವಲಂಬಿತರು ನಾಲ್ವರಾದ್ದರಿಂದ ಮೃತರ ಸ್ವಂತ ಖರ್ಚಿಗೆಂದು ಕಾಲು ಭಾಗ ಕಳೆದರೆ 15,750. ವರ್ಷಕ್ಕೆ 1,89,000. ಅದನ್ನು 16ರಿಂದ ಗುಣಿಸಿದರೆ 30,24,000 ರೂಪಾಯಿ. ಅಂತ್ಯಕ್ರಿಯೆ ಮುಂತಾದ ಬಾಬ್ತುಗಳು ಬೇರೆ. ಲೋಕ ಅದಾಲತ್‌ನಲ್ಲಿ ರಾಜಿಗೆ ಕೂತು "ಎಂಟು ಲಕ್ಷ ಕೊಡ್ತೀವಿ, ಸಹಿ ಮಾಡ್ರಿ" ಎನ್ನುವಾಗ ಈ ಒಂದು ಪುಟ ಕೈಯಲ್ಲಿದ್ದರೆ ಮಾತಿನ ಧಾಟಿಯೇ ಬೇರೆ. ಆದಾಯವನ್ನು ರುಜುವಾತು ಮಾಡುವ ಭಾರ ನಿಮ್ಮದೇ, ಅದನ್ನು ಪುಸ್ತಕ ಮಾಡಿಕೊಡದು. ಪರಿಹಾರದ ಅರ್ಜಿ ಹಾಕಲು ಆರು ತಿಂಗಳ ಮಿತಿ 2022ರ ಏಪ್ರಿಲ್ 1ರಿಂದ ಮತ್ತೆ ಬಂದಿದೆ. ಆ ಮಿತಿಯನ್ನು ಸುಪ್ರೀಂ ಕೋರ್ಟಿನಲ್ಲಿ ಪ್ರಶ್ನಿಸಿದ್ದಾರೆ ನಿಜ. ಅದನ್ನು ನಂಬಿ ತಡಮಾಡುವುದು ಬೇಡ.

ಅಕ್ಕಿ ಮೂಟೆಯೂ ಷೇರು ಪತ್ರವೂ

ವ್ಯಾಪಾರದ ಪುಸ್ತಕಗಳಲ್ಲಿ ದರಪಟ್ಟಿಯನ್ನು ದುಡ್ಡು ಕೊಟ್ಟು ಕೊಳ್ಳಲೇಬೇಡಿ. 2022ರ ಜುಲೈ 18ರಿಂದ 25 ಕಿಲೋವರೆಗಿನ ಲೇಬಲ್ ಹಚ್ಚಿದ ಅಕ್ಕಿ ಚೀಲಕ್ಕೆ ಶೇ 5 ಜಿಎಸ್‌ಟಿ ಬಿತ್ತು. ಮಾರುಕಟ್ಟೆಯಲ್ಲಿ 26 ಕಿಲೋ ಚೀಲ ಕಾಣಿಸಿಕೊಂಡದ್ದು ಆಮೇಲೆಯೇ. 2025ರ ಸೆಪ್ಟೆಂಬರ್ 22ರಿಂದ ಶೇ 12 ಮತ್ತು 28ರ ಹಂತಗಳೇ ಬಹುಪಾಲು ಹೋದವು, ಟ್ರ್ಯಾಕ್ಟರ್ ಮೇಲಿನ ತೆರಿಗೆ 12ರಿಂದ 5ಕ್ಕೆ ಇಳಿಯಿತು. ಅಲ್ಲಿಯವರೆಗಿನ ಎಲ್ಲ ದರ ಕೈಪಿಡಿಗಳೂ ಅಂದೇ ಮುಗಿದವು. 1961ರ ಆದಾಯ ತೆರಿಗೆ ಕಾಯ್ದೆಯ ಜಾಗಕ್ಕೆ 2025ರ ಹೊಸ ಕಾಯ್ದೆ 2026ರ ಏಪ್ರಿಲ್ 1ರಿಂದ ಬರುವುದರಿಂದ, ಕಲಂ ಸಂಖ್ಯೆಗಳೇ ಬದಲಾಗುತ್ತವೆ. ಇಂಥದ್ದಕ್ಕೆಲ್ಲ ಸರ್ಕಾರದ ಜಾಲತಾಣ, ಇಲ್ಲವೇ ಲೆಕ್ಕಪರಿಶೋಧಕರು. ಸಣ್ಣ ಗಿರಣಿ, ವರ್ಕ್‌ಶಾಪ್ ನಡೆಸುವವರು 2006ರ ಎಂಎಸ್ಎಂಇ ಕಾಯ್ದೆಯ 15ನೇ ಕಲಮನ್ನು ಮಾತ್ರ ತಪ್ಪದೆ ಓದಬೇಕು: ಉದ್ಯಮ ನೋಂದಣಿ ಇದ್ದರೆ, ಮಾಲು ಕೊಂಡವರು ಹೆಚ್ಚೆಂದರೆ 45 ದಿನದಲ್ಲಿ ಹಣ ಕೊಡಬೇಕು.

ಕೊಂಡರೂ ನಷ್ಟವಿಲ್ಲದ ವ್ಯಾಪಾರ ಪುಸ್ತಕಗಳಿವೆ. 1932ರ ಪಾಲುದಾರಿಕೆ ಕಾಯ್ದೆಯ ಪುಸ್ತಕ ಅಂಥದ್ದು, ಬದಲಾಗುವುದು ಅಪರೂಪ. ಹಳೆಯ ಕಂಪನಿ ಡೈರೆಕ್ಟರಿಗಳೂ ಅಷ್ಟೇ. 1941ರಲ್ಲಿ ಹರಿಹರದಲ್ಲಿ ಶುರುವಾದ ಮೈಸೂರು ಕಿರ್ಲೋಸ್ಕರ್, ದಾವಣಗೆರೆಯ ಹತ್ತಿ ಗಿರಣಿಗಳು, ಎಲ್ಲ ಒಂದು ಕಾಲಕ್ಕೆ ಇದ್ದ ಸೀಮೆ ಇದು. ಅಜ್ಜನ ಟ್ರಂಕಿನಲ್ಲಿ ಯಾವುದೋ ಕಂಪನಿಯ ಷೇರು ಪತ್ರ ಸಿಕ್ಕರೆ, ಆ ಕಂಪನಿ ಯಾವುದರಲ್ಲಿ ವಿಲೀನವಾಯಿತು, ಹೆಸರು ಏನಾಯಿತು ಎಂಬುದಕ್ಕೆ ಮುಂಬೈ ಷೇರುಪೇಟೆಯ ಹಳೆಯ ಅಧಿಕೃತ ಡೈರೆಕ್ಟರಿಯೇ ದಾರಿ ತೋರಿಸುತ್ತದೆ. ಈಗಿನ ಸ್ಥಿತಿ ಕಾರ್ಪೊರೇಟ್ ವ್ಯವಹಾರಗಳ ಸಚಿವಾಲಯದ ಜಾಲತಾಣದಲ್ಲಿ ಸಿಗುತ್ತದೆ. ಏಳು ವರ್ಷ ಯಾರೂ ಕೇಳದ ಲಾಭಾಂಶ, ಅದರ ಷೇರು ಹೂಡಿಕೆದಾರರ ಶಿಕ್ಷಣ ಮತ್ತು ರಕ್ಷಣಾ ನಿಧಿಗೆ (ಐಇಪಿಎಫ್) ಹೋಗಿರುತ್ತದೆ; ವಾರಸುದಾರರು ಅಲ್ಲಿ ಅರ್ಜಿ ಹಾಕಬಹುದು. ಎಷ್ಟೋ ಪತ್ರಗಳು ಬರೀ ಕಾಗದವಾಗಿರುತ್ತವೆ. ನೋಡದೆ ಸುಡಬೇಡಿ, ಅಷ್ಟೇ.

ಸಮುದ್ರವಿಲ್ಲದ ಊರಿಗೆ ಹಡಗಿನ ಪುಸ್ತಕ

ತುಂಗಭದ್ರೆಯ ದಡದಲ್ಲಿ ಕೂತು ನೌಕಾಪಡೆಯ ಇತಿಹಾಸ ಓದುವವರು ಯಾರು ಎಂದು ನಗಬಹುದು. ಅಗ್ನಿವೀರಕ್ಕೆ, ಎಸ್‌ಎಸ್‌ಬಿ ಸಂದರ್ಶನಕ್ಕೆ ತಯಾರಾಗುವ ಹುಡುಗ ಹುಡುಗಿಯರು ಓದುತ್ತಾರೆ. ಅವರ ಕೈಗೆ ಸಿಗುವುದು ಸಾಮಾನ್ಯಜ್ಞಾನದ ಗೈಡುಗಳು, ಅವುಗಳಲ್ಲಿ ತಪ್ಪು ಧಾರಾಳ. ಅಧಿಕೃತ ಇತಿಹಾಸವೇ ಇದೆ: ರಿಯರ್ ಅಡ್ಮಿರಲ್ ಸತ್ಯಿಂದ್ರ ಸಿಂಗ್ ಬರೆದ 'ಅಂಡರ್ ಟೂ ಎನ್ಸೈನ್ಸ್' ಮತ್ತು 'ಬ್ಲೂಪ್ರಿಂಟ್ ಟು ಬ್ಲೂವಾಟರ್' 1945ರಿಂದ 1965ರವರೆಗೆ, ವೈಸ್ ಅಡ್ಮಿರಲ್ ಜಿ.ಎಂ. ಹೀರಾನಂದಾನಿ ಅವರ ಮೂರು ಸಂಪುಟಗಳು ಅಲ್ಲಿಂದ 2000ದವರೆಗೆ. 1971ರ ಡಿಸೆಂಬರ್ 4ರ ರಾತ್ರಿ ಕ್ಷಿಪಣಿ ದೋಣಿಗಳು ಕರಾಚಿಯ ಮೇಲೆರಗಿದ್ದನ್ನು ಹೀರಾನಂದಾನಿಯವರ 'ಟ್ರಾನ್ಸಿಷನ್ ಟು ಟ್ರಯಂಫ್'ನಲ್ಲಿ ಓದಿಕೊಂಡು, ಆಮೇಲೆ ಕಾರವಾರಕ್ಕೆ ಹೋಗಿ ಟ್ಯಾಗೋರ್ ಕಡಲತೀರದಲ್ಲಿ ನಿಲ್ಲಿಸಿರುವ ಚಾಪೆಲ್ ಹಡಗಿನೊಳಗೆ ಅಡ್ಡಾಡಿ ಬನ್ನಿ. ಅದೂ ಕ್ಷಿಪಣಿ ದೋಣಿಯೇ. ಎಷ್ಟು ಇಕ್ಕಟ್ಟಾದ ಜಾಗದಿಂದ ಆ ಯುದ್ಧ ಮಾಡಿದರು ಎಂಬುದು ಪುಟದಲ್ಲಿ ತಿಳಿಯುವುದಿಲ್ಲ.

ಇಲ್ಲಿ ಇಸವಿಗಿಂತ ಬರೆದವರು ಯಾರು ಎಂಬುದು ಮುಖ್ಯ. ಸಿ.ಆರ್. ಲೋ 1877ರಲ್ಲಿ ಬರೆದ ಇಂಡಿಯನ್ ನೇವಿಯ ಇತಿಹಾಸ ಕಂಪನಿ ಸರ್ಕಾರದ ನೌಕಾಧಿಕಾರಿಯೊಬ್ಬನ ಪುಸ್ತಕ. ದಾಖಲೆ ದಂಡಿಯಾಗಿದೆ, ಆದರೆ ಕಂಪನಿಯ ಎದುರು ನಿಂತವರನ್ನು ಕಡಲ್ಗಳ್ಳರೆಂದು ಕರೆಯುವುದಕ್ಕೆ ಅವನಿಗೆ ಸಂಕೋಚವಿಲ್ಲ. 1780ರ ಡಿಸೆಂಬರಿನಲ್ಲಿ ಎಡ್ವರ್ಡ್ ಹ್ಯೂಸ್ ಮಂಗಳೂರಿನಲ್ಲಿ ಹೈದರಾಲಿಯ ಹಡಗುಗಳನ್ನು ನಾಶ ಮಾಡಿದ ಸಂಗತಿಯನ್ನು ಇಂಥ ಪುಸ್ತಕದಲ್ಲಿ ಓದುವಾಗ ಪಕ್ಕದಲ್ಲಿ ರಾಧಾಕುಮುದ ಮುಖರ್ಜಿಯವರ 1912ರ 'ಇಂಡಿಯನ್ ಶಿಪ್ಪಿಂಗ್' ಅಥವಾ ಕೆ.ಎಂ. ಪಣಿಕ್ಕರ್ ಅವರ 1945ರ 'ಇಂಡಿಯಾ ಅಂಡ್ ದಿ ಇಂಡಿಯನ್ ಓಷನ್' ಇರಲಿ. ಅವರಿಬ್ಬರದು ಇನ್ನೊಂದು ದಡ. ಇಂಥ ಹಳೆಯ ಪುಸ್ತಕಗಳಿಗೆ ಇಂಟರ್ನೆಟ್ ಆರ್ಕೈವ್ ಒಳ್ಳೆಯ ಜಾಗ. ಹಕ್ಕುಸ್ವಾಮ್ಯ ಭಾರತದಲ್ಲಿ ಲೇಖಕ ತೀರಿಕೊಂಡು 60 ವರ್ಷಕ್ಕೆ ಮುಗಿಯುತ್ತದೆ. 1898ರಿಂದ ಬರುತ್ತಿರುವ 'ಜೇನ್ಸ್ ಫೈಟಿಂಗ್ ಶಿಪ್ಸ್' ಹೆಸರು ಕೇಳಿ ಮರುಳಾಗಿ ಕೊಳ್ಳಬೇಡಿ. ಬೆಲೆ ಕಣ್ಣು ಕುಕ್ಕುತ್ತದೆ, ದೊಡ್ಡ ಗ್ರಂಥಾಲಯಕ್ಕೆ ಮಾತ್ರ ಸರಿ.

ನಮ್ಮ ನೆಲದ ಸಾರಿಗೆಯ ಇತಿಹಾಸ ಬೇಕಿದ್ದರೆ ಗೆಜೆಟಿಯರ್‌ಗಳಿವೆ. ಹರಿಹರದ ಹಳೆಯ ಸೇತುವೆ 1868ರಲ್ಲಿ ಮುಗಿದದ್ದನ್ನು ಲೂಯಿ ರೈಸ್ ಅವರ ಮೈಸೂರು ಗೆಜೆಟಿಯರ್‌ನಲ್ಲಿ ನೋಡಬಹುದು. ಹುಡುಕುವಾಗ ಒಂದು ನೆನಪಿರಲಿ: ದಾವಣಗೆರೆ ಜಿಲ್ಲೆಯಾದದ್ದು 1997ರಲ್ಲಿ. ಅದಕ್ಕೂ ಹಿಂದಿನ ಪುಸ್ತಕಗಳಲ್ಲಿ ನಮ್ಮ ಊರುಗಳೆಲ್ಲ ಚಿತ್ರದುರ್ಗ ಜಿಲ್ಲೆಯ ಸಂಪುಟದಲ್ಲಿ ಅಡಗಿವೆ. ಹರಿಹರೇಶ್ವರ ದೇವಸ್ಥಾನದ ಶಾಸನಗಳೂ ಎಪಿಗ್ರಾಫಿಯಾ ಕರ್ನಾಟಿಕದ 11ನೇ ಸಂಪುಟದಲ್ಲಿ ದಾವಣಗೆರೆ ತಾಲ್ಲೂಕಿನ ಕೆಳಗಿವೆ.

ಎಲ್ಲಿ ಹುಡುಕುವುದು

ದಾವಣಗೆರೆಯ ಜಿಲ್ಲಾ ಗ್ರಂಥಾಲಯಕ್ಕೆ ಹೋದರೆ ಕಪಾಟಿನ ಅಂಕಿಗಳನ್ನು ನೋಡಿ. ಡ್ಯೂಯಿ ವರ್ಗೀಕರಣ ಇದ್ದರೆ 340 ಎಂದರೆ ಕಾನೂನು, 380 ವಾಣಿಜ್ಯ ಮತ್ತು ಸಾರಿಗೆ, 359 ನೌಕಾಪಡೆ, 650 ವ್ಯವಹಾರ. ಪರಾಮರ್ಶನ ವಿಭಾಗದ ಪುಸ್ತಕ ಮನೆಗೆ ಕೊಡುವುದಿಲ್ಲ, ಅಲ್ಲೇ ಕೂತು ಬರೆದುಕೊಳ್ಳಬೇಕು. ಕಾನೂನಿಗಾದರೆ ಆರ್.ಎಲ್. ಕಾನೂನು ಕಾಲೇಜಿದೆ, ಹೊರಗಿನವರಿಗೆ ಓದಲು ಬಿಡುತ್ತಾರೆಯೇ ಎಂದು ಪ್ರಾಂಶುಪಾಲರಿಗೆ ಒಂದು ಅರ್ಜಿ ಬರೆದು ಕೇಳಬಹುದು. ಬೆಂಗಳೂರಿಗೆ ಹೋದಾಗ ಕಬ್ಬನ್ ಪಾರ್ಕಿನ ರಾಜ್ಯ ಕೇಂದ್ರ ಗ್ರಂಥಾಲಯ. ಅವೆನ್ಯೂ ರಸ್ತೆಯ ಹಳೆಯ ಪುಸ್ತಕದ ಸಾಲಿನಲ್ಲಿ ಇತಿಹಾಸ ಕೊಳ್ಳಿ, ಕಾಯ್ದೆ ಬೇಡ. ಅಚ್ಚಾದ ಪುಸ್ತಕಕ್ಕೆ ಜಿಎಸ್‌ಟಿ ಇಲ್ಲ, ಬಿಲ್ಲಿನಲ್ಲಿ ಸೇರಿಸಿದ್ದರೆ ಕೇಳಿ.

ಸರ್ಕಾರಿ ಕಚೇರಿಗಳ ಒಳಗಿನ ಕೈಪಿಡಿ, ಸುತ್ತೋಲೆಗಳು ಯಾವ ಅಂಗಡಿಯಲ್ಲೂ ಸಿಗುವುದಿಲ್ಲ. 2005ರ ಮಾಹಿತಿ ಹಕ್ಕು ಕಾಯ್ದೆಯ 4(1)(ಬಿ) ಪ್ರಕಾರ ಪ್ರತಿ ಕಚೇರಿಯೂ ತಾನು ಬಳಸುವ ನಿಯಮ, ಕೈಪಿಡಿಗಳ ವಿವರವನ್ನು ತಾನಾಗಿಯೇ ಪ್ರಕಟಿಸಿರಬೇಕು. ಇಲ್ಲದಿದ್ದರೆ 10 ರೂಪಾಯಿ ಶುಲ್ಕದ ಅರ್ಜಿ. ಪುಸ್ತಕಕ್ಕೂ ವಕೀಲರಿಗೂ ದುಡ್ಡಿಲ್ಲದವರಿಗೆ ತಾಲ್ಲೂಕು ಕಾನೂನು ಸೇವಾ ಸಮಿತಿಯಿದೆ. 1987ರ ಕಾನೂನು ಸೇವೆಗಳ ಪ್ರಾಧಿಕಾರ ಕಾಯ್ದೆಯ 12ನೇ ಕಲಮಿನಂತೆ ಹೆಣ್ಣುಮಕ್ಕಳಿಗೆ, ಪರಿಶಿಷ್ಟರಿಗೆ ಆದಾಯ ಎಷ್ಟೇ ಇದ್ದರೂ ಉಚಿತ, ಸಹಾಯವಾಣಿ 15100.

ಊರಿನದೇ ಗ್ರಂಥಾಲಯವನ್ನು ಮರೆಯಬೇಡಿ. ಗ್ರಾಮ ಪಂಚಾಯಿತಿ ಗ್ರಂಥಾಲಯಗಳು 2019ರಲ್ಲಿ ಗ್ರಾಮೀಣಾಭಿವೃದ್ಧಿ ಇಲಾಖೆಗೆ ಬಂದವು, ಈಗ ಅರಿವು ಕೇಂದ್ರ ಎನ್ನುತ್ತಾರೆ. ಆಸ್ತಿ ತೆರಿಗೆಯ ರಸೀದಿಯಲ್ಲಿ ಗ್ರಂಥಾಲಯ ಕರ ಎಂದು ನೀವೇ ಕಟ್ಟಿರುತ್ತೀರಿ. ಕಾದಂಬರಿ, ಸ್ಪರ್ಧಾತ್ಮಕ ಪರೀಕ್ಷೆಯ ಗೈಡುಗಳ ಜೊತೆಗೆ ಭೂಕಂದಾಯ ಕಾಯ್ದೆ, ನೀರಾವರಿ ಕಾಯ್ದೆ, ಗ್ರಾಮ ಸ್ವರಾಜ್ ಮತ್ತು ಪಂಚಾಯತ್ ರಾಜ್ ಕಾಯ್ದೆ, ಮೋಟಾರು ವಾಹನ ಮ್ಯಾನ್ಯುಅಲ್ ಇಷ್ಟನ್ನು ಪ್ರತಿ ವರ್ಷ ಹೊಸ ಆವೃತ್ತಿಯಲ್ಲಿ ತರಿಸಬೇಕೆಂದು ಗ್ರಾಮಸಭೆಯಲ್ಲಿ ಕೇಳಿ, ಕೇಳಿದ್ದನ್ನು ನಡಾವಳಿಯಲ್ಲಿ ಬರೆಸಿ. ಬಾಯಿಮಾತಿನಲ್ಲಿ ಹೇಳಿದ್ದು ಪಿಡಿಒ ವರ್ಗವಾದ ದಿನವೇ ಹೋಗುತ್ತದೆ.